ಎರಡನೇ ತಟ್ಟೆಯ ಹಣ ಎಲ್ಲಿಗೆ ಹೋಗುತ್ತದೆ?

ಕಥೋಲಿಕ ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ತಟ್ಟೆ ಕೆಲವು ವಾರ ಎರಡು ಸಲ ಬರುತ್ತದೆ. ಮೊದಲ ಸಲ ಬಿದ್ದ ಹಣ ಆ ಧರ್ಮಕೇಂದ್ರದ, ಅಂದರೆ ಆ ಊರಿನ ಚರ್ಚಿನ, ಖರ್ಚಿಗೆ. ಎರಡನೆಯದು ಹಾಗಲ್ಲ. ಮಿಷನ್ ಕೆಲಸಕ್ಕೋ, ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗೋ, ಭೂಕಂಪ ಪರಿಹಾರಕ್ಕೋ, ಪೋಪರ ನಿಧಿಗೋ ಎಂದು ಬಿಷಪ್ಪರು ಗೊತ್ತುಮಾಡಿದ ಸಂಗ್ರಹ ಅದು. ಎಣಿಸಿ ಅಷ್ಟನ್ನೂ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಕೆಳಗಿನ ಧರ್ಮಕೇಂದ್ರಗಳೆಲ್ಲ ಸೇರಿದ ಪ್ರದೇಶದ) ಕಚೇರಿಗೆ ಕಳಿಸಬೇಕು. ಇದರ ಮೇಲೆ ಪೂಜೆಯ ಕೋರಿಕೆಗೆ (ತಮ್ಮವರ ಹೆಸರಿನಲ್ಲಿ ಪೂಜೆ ಮಾಡಿಸಲು) ಕೊಡುವ ಕಾಣಿಕೆ ಬೇರೆ, ಕಟ್ಟಡ ನಿಧಿ ಬೇರೆ, ಬಡವರ ಪೆಟ್ಟಿಗೆ ಬೇರೆ, ಈಗ ಬಾಗಿಲ ಬಳಿ ಅಂಟಿಸಿದ ಕ್ಯೂಆರ್ ಕೋಡ್ ಬೇರೆ. ಕೊಡುವವರ ಜೇಬು ಮಾತ್ರ ಒಂದೇ. ‘ಚರ್ಚಿಗೆ ಕೊಟ್ಟೆ’ ಎನ್ನುವವರಿಗೆ ಅದು ಯಾವ ಖಾತೆಗೆ ಸೇರಿತು ಎಂಬುದು ಹೆಚ್ಚಾಗಿ ಗೊತ್ತಿರುವುದಿಲ್ಲ.

ಈ ಗೊಂದಲ ಇವತ್ತಿನದಲ್ಲ. ಮೊದಲ ಶತಮಾನದ ನಡುವಿನಲ್ಲೇ ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುತ್ತಿದ್ದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿ ಅದರ ಕ್ರಮವೇ ಇದೆ: ವಾರದ ಮೊದಲ ದಿನ ಪ್ರತಿಯೊಬ್ಬರೂ ಗಳಿಕೆಗೆ ತಕ್ಕಷ್ಟು ಎತ್ತಿಡಬೇಕು, ತಾನು ಬಂದ ಮೇಲೆ ವಸೂಲಿ ಶುರುವಾಗಬಾರದು, ಹಣ ಒಯ್ಯುವವರನ್ನು ಕೊಟ್ಟವರೇ ಆರಿಸಬೇಕು. ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಕಾರಣವೂ ಬರುತ್ತದೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮತ್ತ ಬೆರಳು ತೋರಿಸಬಾರದು, ಅದಕ್ಕೇ ಜೊತೆಗೆ ಇನ್ನೊಬ್ಬರನ್ನು ಕಳಿಸುತ್ತಿದ್ದೇವೆ ಎನ್ನುತ್ತಾರೆ ಪೌಲರು. ಹಣದ ಮೇಲೆ ಒಂದೇ ಕೈ ಇರಬಾರದು ಎಂದು ಲೆಕ್ಕಪರಿಶೋಧಕರು ಈಗ ಹೇಳುವುದೂ ಇದನ್ನೇ.

ಎರಡನೇ ಶತಮಾನದ ಕೊನೆಗೆ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆದಂತೆ, ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತರು ತಿಂಗಳಿಗೊಮ್ಮೆ ಮನಸ್ಸಿದ್ದಷ್ಟು, ಆದಷ್ಟು ಹಾಕುತ್ತಿದ್ದರು. ಅದು ಬಡವರ ಅಂತ್ಯಕ್ರಿಯೆಗೆ, ಅನಾಥರಿಗೆ, ಮುದುಕರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು. ದೊಡ್ಡ ದಾನಿಯ ಕಥೆಯೂ ಅವರಲ್ಲೇ ಸಿಗುತ್ತದೆ. ಮಾರ್ಸಿಯನ್ ಎಂಬ ಶ್ರೀಮಂತ ರೋಮಿನ ಕ್ರೈಸ್ತ ಸಭೆಗೆ 2 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಕೊಟ್ಟಿದ್ದ. ಅವನ ಬೋಧನೆ ತಪ್ಪೆಂದು 144ರ ಸುಮಾರಿಗೆ ಅವನನ್ನು ಹೊರಹಾಕಿದಾಗ ಹಣವನ್ನೂ ಹಿಂದಿರುಗಿಸಿದರು. ಹಣ ಇಟ್ಟುಕೊಂಡು ಮನುಷ್ಯನನ್ನು ಮಾತ್ರ ಕಳಿಸುವ ದಾರಿ ಅಂದೂ ಇತ್ತು. ಆ ಸಭೆ ಅದನ್ನು ಹಿಡಿಯಲಿಲ್ಲ.

ಸ್ವಂತ ಇಷ್ಟದ ಕಾಣಿಕೆ ಕಡ್ಡಾಯವಾಗಿದ್ದು ನಿಧಾನಕ್ಕೆ. 494ರಲ್ಲಿ ಪೋಪ್ ಗೆಲಾಸಿಯಸ್ ಆದಾಯವನ್ನು ಬಿಷಪ್, ಗುರುಗಳು (ಪಾದ್ರಿಗಳು), ಬಡವರು, ಕಟ್ಟಡ ಎಂದು ನಾಲ್ಕು ಪಾಲು ಮಾಡುವ ನಿಯಮವನ್ನು ನೆನಪಿಸಿದರು. 585ರಲ್ಲಿ ಮಾಕೊನ್‌ನಲ್ಲಿ ಸೇರಿದ ಬಿಷಪ್ಪರ ಸಭೆ ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲು) ಕೊಡದವರಿಗೆ ಬಹಿಷ್ಕಾರದ ಬೆದರಿಕೆ ಹಾಕಿತು, 779ರಲ್ಲಿ ಫ್ರಾಂಕರ ಅರಸ ಶಾರ್ಲ್‌ಮೇನ್ ಅದನ್ನು ರಾಜ್ಯದ ಕಾನೂನಾಗಿಸಿದ. ಆಮೇಲಿನ ಐನೂರು ವರ್ಷಗಳಲ್ಲಿ ರೈತನ ಹತ್ತನೇ ಒಂದು ಪಾಲು ಎಷ್ಟೋ ಕಡೆ ಜಮೀನ್ದಾರರ, ದೂರದ ಮಠಗಳ ಕೈಸೇರಿ, ಊರಿನ ಗುರುವಿಗೆ ಉಳಿದದ್ದು ಚಿಲ್ಲರೆ. 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಗುರುವಿನ ಹೊಟ್ಟೆಪಾಡಿಗೆ ಸಾಕಾಗುವಷ್ಟನ್ನಾದರೂ ಬಿಡಿ ಎಂದು ಆದೇಶಿಸಬೇಕಾಯಿತು. ಹಣ ಕೊಟ್ಟವರಿಗೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ನಡೆಸಿದ ಪಾಪವಿಮೋಚನಾ ಪತ್ರಗಳ ವ್ಯಾಪಾರ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಊರೂರು ತಿರುಗಿ ನಡೆಸುತ್ತಿದ್ದ ಸಂಗ್ರಾಹಕರ ಹುದ್ದೆಯನ್ನೇ ಟ್ರೆಂಟ್ ಮಹಾಸಭೆ 1562ರಲ್ಲಿ ರದ್ದು ಮಾಡಿತೆಂಬುದು ಅಷ್ಟಾಗಿ ಗೊತ್ತಿಲ್ಲ. ಫ್ರಾನ್ಸಿನಲ್ಲಿ ದಶಮಾಂಶಕ್ಕೆ 1789ರ ಆಗಸ್ಟ್‌ನಲ್ಲಿ ಕೊನೆ ಬಂತು, ನವೆಂಬರ್‌ನಲ್ಲಿ ಚರ್ಚಿನ ಆಸ್ತಿ ದೇಶದ್ದಾಯಿತು.

ಹಣ ಮತ್ತೆ ಕೇಳಿ ಪಡೆಯಬೇಕಾದದ್ದಾಯಿತು. ಕೇಳುವುದು ಹೇಗೆಂದು ತೋರಿಸಿದವರು ಫ್ರಾನ್ಸಿನ ಲಿಯೊನ್ ನಗರದ ಒಬ್ಬ ಯುವತಿ, ಪೊಲಿನ್ ಜಾರಿಕೊ. ಅವರ ಯೋಜನೆಯ ಮೇಲೆ 1822ರ ಮೇ 3ರಂದು ಅಧಿಕೃತವಾಗಿ ಶುರುವಾದ ಧರ್ಮಪ್ರಸಾರ ಸಂಘದ ಲೆಕ್ಕ ಬಹಳ ಸರಳ. ಒಬ್ಬರು ವಾರಕ್ಕೆ ಒಂದು ಸೂ (ಫ್ರಾನ್ಸಿನ ಚಿಲ್ಲರೆ ನಾಣ್ಯ) ಕೊಡಬೇಕು, ಹತ್ತು ಜನರಿಂದ ಕೂಡಿಸುವವರು ಒಬ್ಬರು, ಅಂಥ ಹತ್ತು ಗುಂಪಿಗೆ ಮತ್ತೊಬ್ಬರು, ಅದರ ಮೇಲೆ ಇನ್ನೊಬ್ಬರು. ನಾಣ್ಯ ಮೇಲಕ್ಕೆ ಹೋದ ಮೆಟ್ಟಿಲಿನಲ್ಲೇ ಮಿಷನರಿಗಳ ಪತ್ರಗಳಿದ್ದ ಪತ್ರಿಕೆ ಕೆಳಗಿಳಿದು ಬಂದು ಗುಂಪಿನೊಳಗೆ ಕೈಯಿಂದ ಕೈಗೆ ಹೋಗುತ್ತಿತ್ತು. ದೊಡ್ಡ ದಾನಿಗಳ ಬೆನ್ನು ಹತ್ತದೆ ನಡೆದ ಈ ಸಂಘ 1922ರಲ್ಲಿ ಪೋಪರ ನೇರ ಆಶ್ರಯಕ್ಕೆ ಬಂತು. 1926ರಿಂದ ಅಕ್ಟೋಬರ್ ತಿಂಗಳ ಕೊನೆಯಿಂದ ಎರಡನೇ ಭಾನುವಾರ ಮಿಷನ್ ಭಾನುವಾರವಾಗಿದೆ. ಅಂದು ಬರುವ ಎರಡನೇ ತಟ್ಟೆಯ ಬೇರು ಇಲ್ಲಿದೆ. ತಟ್ಟೆ ಉಳಿಯಿತು. ಕೊಟ್ಟವರ ಕೈಗೆ ವಾಪಸು ಬರುತ್ತಿದ್ದ ಪತ್ರಿಕೆ ಬಹಳ ಕಡೆ ನಿಂತುಹೋಯಿತು.

ಪೋಪರ ನಿಧಿಯಾದ ‘ಪೇತ್ರರ ಕಾಸು’ ಇನ್ನೂ ಹಳೆಯದು, ಆಂಗ್ಲೋ-ಸ್ಯಾಕ್ಸನ್ ಅರಸರ ಕಾಲದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯಲ್ಲಿ ಪೋಪರು ಆಳುತ್ತಿದ್ದ ರಾಜ್ಯ ಕೈತಪ್ಪುತ್ತಿದ್ದಾಗ ಅದಕ್ಕೆ ಮರುಜೀವ ಬಂತು, 1871ರಲ್ಲಿ 9ನೇ ಪಿಯುಸ್ ಅದಕ್ಕೆ ಔಪಚಾರಿಕ ಒಪ್ಪಿಗೆ ಕೊಟ್ಟರು. ಅದು ಬಡವರಿಗೆ ಮಾತ್ರ ಎಂದು ನಂಬಿ ಕೊಟ್ಟವರು ಬಹಳ. ವ್ಯಾಟಿಕನ್ ಕಚೇರಿಗಳ ಖರ್ಚಿಗೂ ಅದು ಹೋಗುತ್ತದೆಂಬುದು ಗುಟ್ಟೇನೂ ಆಗಿರಲಿಲ್ಲ, ಆದರೆ ತಟ್ಟೆ ಬರುವ ಮುನ್ನ ಅದನ್ನು ಯಾರೂ ಓದಿ ಹೇಳುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ನಿಧಿಯ ವಾರ್ಷಿಕ ವರದಿ ಪ್ರಕಟವಾಗುತ್ತಿದೆ.

ಕೆಲವು ದೇಶಗಳಲ್ಲಿ ಕೇಳುವ ಕೆಲಸವನ್ನು ಸರ್ಕಾರದ ತೆರಿಗೆ ವ್ಯವಸ್ಥೆಯೇ ಮಾಡುತ್ತದೆ. ಜರ್ಮನಿಯಲ್ಲಿ ಆದಾಯ ತೆರಿಗೆಯ ಮೇಲೆ 8 ಅಥವಾ 9 ಶೇಕಡಾ ಚರ್ಚ್ ತೆರಿಗೆ. ಇಟಲಿಯಲ್ಲಿ 1985ರ ಕಾನೂನಿನಂತೆ ಆದಾಯ ತೆರಿಗೆಯ ಸಾವಿರಕ್ಕೆ 8 ಪಾಲು ಯಾರಿಗೆಂದು ತೆರಿಗೆದಾರರು ಗುರುತು ಹಾಕುತ್ತಾರೆ. ಅಲ್ಲಿ ಹಣದ ಹರಿವು ಸ್ಥಿರ, ಆದರೆ ಕೊಡುವವರಿಗೂ ಧರ್ಮಕೇಂದ್ರಕ್ಕೂ ಮಾತುಕತೆ ಕಡಿಮೆ. ಉಳಿದ ಕಡೆಯೆಲ್ಲ ತಟ್ಟೆಯೇ ಗತಿ.

ಕಾನೂನಿನಲ್ಲಿ ಏನಿದೆ, ರೂಢಿಯಲ್ಲಿ ಏನಾಗುತ್ತದೆ

ಈಗಿನ ಜಗಳಗಳನ್ನು ಬಿಡಿಸಲು 1983ರ ನವೆಂಬರ್ 27ರಂದು ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆ ಸಾಕು. ಅದರ 1267ನೇ ವಿಧಿ ಎರಡು ಮಾತು ಹೇಳುತ್ತದೆ. ಗುರುಗಳ ಕೈಗೆ ಕೊಟ್ಟ ಕಾಣಿಕೆ, ಬೇರೆ ರೀತಿ ಸ್ಪಷ್ಟವಾಗದಿದ್ದರೆ, ಅವರಿಗಲ್ಲ, ಸಂಸ್ಥೆಗೆ ಕೊಟ್ಟದ್ದೆಂದೇ ತಿಳಿಯಬೇಕು. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. ಷರತ್ತು ಹೊತ್ತು ಬಂದ ದಾನವನ್ನು ಒಪ್ಪಿಕೊಳ್ಳುವ ಮೊದಲು ಬಿಷಪ್ಪರ ಅನುಮತಿ ಬೇಕೆಂದೂ ಅಲ್ಲೇ ಇದೆ. ಇದನ್ನು ಮರೆತು ಆಮೇಲೆ ಪರದಾಡಿದ ಧರ್ಮಕೇಂದ್ರಗಳಿಗೆ ಲೆಕ್ಕವಿಲ್ಲ. 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. 1287ನೆಯದರಂತೆ ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು.

ಹಣ ಕದ್ದ ಪ್ರಕರಣ ಸುದ್ದಿಯಾಗುತ್ತದೆ. ಆದರೆ ನಂಬಿಕೆ ಹೆಚ್ಚು ಸವೆಯುವುದು ಕಳ್ಳತನದಿಂದಲ್ಲ, ‘ಸದ್ಯಕ್ಕೆ ಅದರಿಂದ ತೆಗೆಯೋಣ’ ಎಂಬ ಮಾತಿನಿಂದ. ಚಾವಣಿ ದುರಸ್ತಿ ನಿಧಿ ಬ್ಯಾಂಕಿನಲ್ಲಿ ಸುಮ್ಮನೆ ಇದೆ, ಕರೆಂಟ್ ಬಿಲ್ಲಿನ ಕೊನೆಯ ದಿನ ನಾಳೆ. ಅದರಿಂದ ಕಟ್ಟಿದರು, ಮುಂದಿನ ತಿಂಗಳು ತುಂಬಿಸುವುದಾಗಿ ಅಂದುಕೊಂಡರು, ತುಂಬಿಸಲಿಲ್ಲ. ಮೂರು ವರ್ಷದ ಬಳಿಕ ಮಳೆ ಸೋರಿದಾಗ ನಿಧಿಯಲ್ಲಿ ಅರ್ಧ ಇಲ್ಲ. ಯಾರೂ ಜೇಬಿಗೆ ಹಾಕಿಕೊಂಡಿಲ್ಲ, ಆದರೂ ಉತ್ತರ ಹೇಳಲಾಗುವುದಿಲ್ಲ. ಬ್ಯಾಂಕ್ ಖಾತೆ ಒಂದೇ ಇದ್ದರೂ ಪರವಾಗಿಲ್ಲ, ಲೆಡ್ಜರಿನಲ್ಲಿ ಪ್ರತಿ ಉದ್ದೇಶಕ್ಕೂ ಬೇರೆ ಹಾಳೆ ಇರಬೇಕು. ಉದ್ದೇಶ ಹೊತ್ತ ಹಾಳೆಗಳ ಒಟ್ಟು ಮೊತ್ತ ಬ್ಯಾಂಕಿನ ಬಾಕಿಗಿಂತ ಎಂದೂ ಹೆಚ್ಚಿರಬಾರದು. ಹೆಚ್ಚಾದ ದಿನವೇ ಹಣ ಎಲ್ಲೋ ದಾರಿ ತಪ್ಪಿದೆ ಎಂದರ್ಥ. ಈ ಒಂದು ಹೋಲಿಕೆಗೆ ತಿಂಗಳಿಗೆ ಹತ್ತು ನಿಮಿಷ ಸಾಕು.

ತಟ್ಟೆಯ ಹಣ ಎಣಿಸುವುದಕ್ಕೂ ಕ್ರಮವಿದೆ. ಪೂಜೆ ಮುಗಿದೊಡನೆ ಕ್ರಮಸಂಖ್ಯೆಯಿರುವ, ಒಮ್ಮೆ ಅಂಟಿಸಿದರೆ ಹರಿಯದೆ ತೆರೆಯಲಾಗದ ಚೀಲಕ್ಕೆ ಹಾಕಿ, ಸಂಖ್ಯೆ ಬರೆದುಕೊಂಡು, ಇಬ್ಬರು ಸಹಿ ಮಾಡಬೇಕು. ಎಣಿಸುವವರು ಕನಿಷ್ಠ ಮೂವರು, ಒಂದೇ ಮನೆಯವರಲ್ಲ, ತಿಂಗಳಿಗೊಮ್ಮೆ ಬದಲಾಗುವ ತಂಡ. ನೋಟು, ನಾಣ್ಯ, ಚೆಕ್, ಲಕೋಟೆ ಬೇರೆ ಬೇರೆ; ಲಕೋಟೆಯ ಮೇಲೆ ಬರೆದ ಮೊತ್ತಕ್ಕೂ ಒಳಗಿನದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಲಕೋಟೆಯ ಮೇಲೆ ಗುರುತು. ಎರಡನೇ ತಟ್ಟೆಯ ಹಣ ಬೇರೆ ಚೀಲ, ಬೇರೆ ಹಾಳೆ. ಎಣಿಸಿದವರು ಲೆಕ್ಕ ಬರೆಯಬಾರದು, ಲೆಕ್ಕ ಬರೆಯುವವರು ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡಬಾರದು. ಇಪ್ಪತ್ತು ವರ್ಷದಿಂದ ಒಬ್ಬರೇ ನಿಷ್ಠೆಯಿಂದ ಎಲ್ಲವನ್ನೂ ಮಾಡುತ್ತಿದ್ದಾರೆ ಎಂಬ ಹೊಗಳಿಕೆ ಕೇಳಿಬಂದಲ್ಲಿ ಲೆಕ್ಕಪರಿಶೋಧಕರ ಕಿವಿ ನೆಟ್ಟಗಾಗುತ್ತದೆ. ಆ ವ್ಯಕ್ತಿ ಪ್ರಾಮಾಣಿಕರಾಗಿದ್ದರೂ ಅದನ್ನು ತೋರಿಸಿಕೊಡುವ ದಾರಿಯೇ ಅವರಿಗೆ ಇರುವುದಿಲ್ಲ.

ಕ್ಯೂಆರ್ ಕೋಡ್ ಇದನ್ನು ಸುಲಭ ಮಾಡಿತು ಎಂದುಕೊಂಡರು. ಎಣಿಕೆ ಸುಲಭವಾಯಿತು ನಿಜ, ಉದ್ದೇಶ ಕಳೆದುಹೋಯಿತು. ತಟ್ಟೆ ಎರಡು ಇದ್ದಾಗ ಹಣವೇ ತಾನು ಯಾವುದಕ್ಕೆಂದು ಹೇಳುತ್ತಿತ್ತು. ಮೊಬೈಲಿನಿಂದ ಬಂದದ್ದು ಒಂದೇ ಖಾತೆಗೆ ಬೀಳುತ್ತದೆ. ಉದ್ದೇಶಕ್ಕೊಂದು ಕೋಡ್ ಮಾಡಿಸಿ, ತೀರಾ ಆಗದಿದ್ದರೆ ಟಿಪ್ಪಣಿ ಬರೆಯಲು ಪ್ರತಿ ವಾರ ನೆನಪಿಸಬೇಕು. ಆ ಕೋಡ್ ಯಾರದೇ ಸ್ವಂತ ಖಾತೆಯದಾಗಿರಬಾರದು, ತಾತ್ಕಾಲಿಕಕ್ಕೂ ಬೇಡ. ಹಳೆಯ ಕೋಡಿನ ಮೇಲೆ ಬೇರೆಯದನ್ನು ಅಂಟಿಸಿ ಹೋಗುವವರಿದ್ದಾರೆ, ಆದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡುವುದು ಒಳ್ಳೆಯದು.

ಪೂಜೆಯ ಕೋರಿಕೆಯ ಕಾಣಿಕೆ ಇನ್ನೂ ನಾಜೂಕಾದ ವಿಷಯ, ಏಕೆಂದರೆ ಇಲ್ಲಿ ಹಣದ ಜೊತೆ ಸತ್ತವರ ಹೆಸರಿದೆ. ಒಂದು ಕೋರಿಕೆಗೆ ಒಂದು ಪೂಜೆ, ದಿನಕ್ಕೆ ಒಂದೇ ಕಾಣಿಕೆಯನ್ನು ಗುರುಗಳು ಇಟ್ಟುಕೊಳ್ಳಬಹುದು (ಕ್ರಿಸ್ಮಸ್ ದಿನ ಬಿಟ್ಟು), ಒಂದು ವರ್ಷದೊಳಗೆ ತೀರಿಸಲಾಗದಷ್ಟು ತೆಗೆದುಕೊಳ್ಳುವಂತಿಲ್ಲ, ಎಲ್ಲಕ್ಕೂ ಪುಸ್ತಕ ಇಡಬೇಕು: 948ರಿಂದ 958ರವರೆಗಿನ ವಿಧಿಗಳ ಸಾರ ಇದು. ಬಡವರು ಏನೂ ಕೊಡದಿದ್ದರೂ ಅವರ ಕೋರಿಕೆಗೆ ಪೂಜೆ ಮಾಡಿ ಎಂದು 945ನೆಯದು ಹೇಳುತ್ತದೆ. ಹಲವು ಹೆಸರುಗಳನ್ನು ಒಂದೇ ಪೂಜೆಗೆ ಸೇರಿಸುವ ರೂಢಿ ಬೆಳೆದಾಗ 1991ರಲ್ಲಿ ರೋಮ್ ಮಿತಿ ಹಾಕಿತು: ಕೊಟ್ಟವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ. 2025ರ ಏಪ್ರಿಲ್ 20ರಿಂದ ಈ ಬಗ್ಗೆ ಹೊಸ ಆದೇಶ ಜಾರಿಯಲ್ಲಿದೆ. ಕೊಟ್ಟವರಿಗೆ ತಿಳಿಸಿ ಒಪ್ಪಿಸುವ ಷರತ್ತು ಅದರಲ್ಲೂ ಉಳಿದಿದೆ. ಹೆಸರು ಓದಲಿಲ್ಲ ಎಂದು ಮನೆಯವರು ಬೇಸರಗೊಂಡು ಬಂದಾಗ, ಓದುವುದಕ್ಕೂ ಪೂಜೆ ಅರ್ಪಿಸುವುದಕ್ಕೂ ವ್ಯತ್ಯಾಸವಿದೆ ಎಂದು ಹೇಳುವುದು ಸರಿಯೇ. ಅದನ್ನು ಹಣ ತೆಗೆದುಕೊಳ್ಳುವಾಗ ಹೇಳಿದ್ದರೆ ಬೇಸರವೇ ಇರುತ್ತಿರಲಿಲ್ಲ.

ಹೊಸ ಕಟ್ಟಡ, ಹಳೆಯ ಹೆಸರುಗಳು

ಕಟ್ಟಡಕ್ಕೆ ಹಣ ಎತ್ತುವ ಅಭಿಯಾನದಲ್ಲಿ ಅನುಭವಸ್ಥರ ಲೆಕ್ಕವೊಂದಿದೆ. ಸಾರ್ವಜನಿಕವಾಗಿ ಘೋಷಿಸುವ ಮೊದಲೇ ಸದ್ದಿಲ್ಲದೆ ಗುರಿಯ ಅರ್ಧದಷ್ಟು ಹಣಕ್ಕೆ ಮಾತು ಪಡೆದಿರಬೇಕು, ಅದು ಹತ್ತಿಪ್ಪತ್ತು ಮನೆಗಳಿಂದಲೇ ಬರುತ್ತದೆ. ವಾಗ್ದಾನಕ್ಕೆ ಮೂರರಿಂದ ಐದು ವರ್ಷದ ಗಡುವು. ಬರೆದುಕೊಟ್ಟದ್ದೆಲ್ಲ ಬರುವುದಿಲ್ಲ, ಕೆಲಸ ಹೋಗುತ್ತದೆ, ಊರು ಬಿಡುತ್ತಾರೆ, ಗುರುಗಳು ವರ್ಗವಾಗುತ್ತಾರೆ. ಆದ್ದರಿಂದ ಗುತ್ತಿಗೆದಾರರಿಗೆ ಸಹಿ ಹಾಕುವುದು ಕೈಯಲ್ಲಿರುವ ಹಣ ನೋಡಿ, ಪಟ್ಟಿ ನೋಡಿ ಅಲ್ಲ. ಧರ್ಮಕೇಂದ್ರದ ಆದಾಯದ ಮೇಲೆ ಧರ್ಮಪ್ರಾಂತ್ಯ ಹಾಕುವ ವಂತಿಗೆ (1263ನೇ ವಿಧಿ) ಅಭಿಯಾನದ ಹಣಕ್ಕೂ ಅನ್ವಯಿಸುತ್ತದೋ ಇಲ್ಲವೋ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು. ವಾಗ್ದಾನದ ಅರ್ಜಿಯಲ್ಲಿ ಇನ್ನೊಂದು ಸಾಲು ಇರಬೇಕು: ‘ಹಣ ಉಳಿದರೆ ಅಥವಾ ಕೆಲಸ ನಡೆಯದಿದ್ದರೆ ಇಂಥದ್ದಕ್ಕೆ ಬಳಸಲಾಗುವುದು.’ ಈ ಸಾಲಿಲ್ಲದೆ ಕೂಡಿಸಿದ ಹಣದ ಉದ್ದೇಶವನ್ನು ಆಮೇಲೆ ಬದಲಿಸುವುದು ಧರ್ಮಕೇಂದ್ರದ ಅಧಿಕಾರದಲ್ಲಿಲ್ಲ.

ದೊಡ್ಡ ಮನೆಗಳಿಗೆ ಹೋಗುವುದರ ಅಡ್ಡಪರಿಣಾಮ ಯಾವ ವರದಿಯಲ್ಲೂ ಕಾಣುವುದಿಲ್ಲ. ಲಕೋಟೆ, ಚೆಕ್ ಕೊಟ್ಟವರ ಹೆಸರು ಪಟ್ಟಿಯಲ್ಲಿರುತ್ತದೆ, ಅವರಿಗೆ ಧನ್ಯವಾದದ ಪತ್ರ ಹೋಗುತ್ತದೆ, ಗೋಡೆಯ ಕಲ್ಲಿನಲ್ಲಿ ಹೆಸರು ಬರುತ್ತದೆ. ಮಡಿಸಿದ ನೋಟನ್ನು ತಟ್ಟೆಗೆ ಹಾಕುವವರು ದಾಖಲೆಯಲ್ಲೇ ಇಲ್ಲ. ದಾನಿಗಳ ಜೊತೆಗಿನ ಸಂಬಂಧ ಎಂದು ಸಮಿತಿಗಳು ಮಾತನಾಡುವಾಗ ಇವರ ನೆನಪಾಗುವುದು ಅಪರೂಪ, ಆದರೆ ಚರ್ಚಿನ ದಿನನಿತ್ಯದ ಖರ್ಚನ್ನು ಹೊತ್ತಿರುವವರು ಹೆಚ್ಚಾಗಿ ಇವರೇ. ಇವರಿಗೆ ಪತ್ರ ಕಳಿಸಲಾಗದು. ಆದರೆ ಬಾಗಿಲ ಬಳಿಯ ಫಲಕದಲ್ಲಿ ಕಳೆದ ತಿಂಗಳು ಬಂದದ್ದೆಷ್ಟು, ಹೋದದ್ದೆಷ್ಟು, ಎರಡನೇ ತಟ್ಟೆಯದ್ದು ಯಾವ ತಾರೀಖಿಗೆ ಎಲ್ಲಿಗೆ ತಲುಪಿತು ಎಂದು ಒಂದು ಹಾಳೆ ಅಂಟಿಸಬಹುದು. ಜಾರಿಕೊ ಅವರ ಪತ್ರಿಕೆ ಮಾಡುತ್ತಿದ್ದ ಕೆಲಸವನ್ನು ಒಂದು ಹಾಳೆ ಮಾಡಬಲ್ಲದು.

ಈಗ ಗುರುಗಳ ಸಂಖ್ಯೆ ಇಳಿದ ಕಡೆಗಳಲ್ಲಿ ಎರಡು ಮೂರು ಧರ್ಮಕೇಂದ್ರಗಳನ್ನು ಸೇರಿಸಿ ಒಂದು ಮಾಡುತ್ತಿದ್ದಾರೆ. ಆಸ್ತಿಯೂ ಹೊಣೆಯೂ ಹೊಸದಕ್ಕೆ ಹೋಗುತ್ತವೆ, ಆದರೆ ದಾನಿಗಳ ಇಚ್ಛೆಗೆ ಕುಂದು ಬರಬಾರದು ಎನ್ನುತ್ತದೆ 121ನೇ ವಿಧಿ. ಅಂದರೆ ಮೊದಲು ಆಗಬೇಕಾದ್ದು ಹಳೆಯ ಲೆಡ್ಜರುಗಳ ಓದು: ಯಾವ ಠೇವಣಿ ಬಡ ಮಕ್ಕಳ ಶಾಲಾ ಶುಲ್ಕಕ್ಕೆ, ಯಾವುದು ಯಾರ ವಾರ್ಷಿಕ ಪೂಜೆಗೆ, ಬಡ್ಡಿ ಎಷ್ಟು ಬರುತ್ತಿದೆ, ಆ ಪೂಜೆ ಈಗ ನಡೆಯುತ್ತಿದೆಯೇ. ಸಾಮಾನ್ಯವಾಗಿ ಅದಕ್ಕೂ ಮೊದಲು ಬ್ಯಾಂಕ್ ಖಾತೆಗಳು ವಿಲೀನವಾಗಿರುತ್ತವೆ. ಆಮೇಲೆ ಯಾರೋ ಮೊಮ್ಮಗಳು ಒಂದು ಹಳೆಯ ರಸೀದಿ ಹಿಡಿದು ಕಚೇರಿಗೆ ಬರುತ್ತಾಳೆ, ಅಜ್ಜನ ಹೆಸರಿನ ಪೂಜೆ ಈ ವರ್ಷ ಯಾವ ಚರ್ಚಿನಲ್ಲಿ ಎಂದು ಕೇಳುತ್ತಾಳೆ.