ಫೈಲ್‌ಸೆಟ್: ಸ್ಟಾರ್ ಎಲ್ಲಿಯವರೆಗೆ ಹೋಗುತ್ತದೆ?

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಾವಾ ಪ್ರೋಗ್ರಾಮುಗಳನ್ನು ಕಟ್ಟುವ ಅಪಾಚೆ ಆ್ಯಂಟ್ ಎಂಬ ಸಾಧನಕ್ಕೆ ಬರೆದ ಬಿಲ್ಡ್ ಸ್ಕ್ರಿಪ್ಟುಗಳಲ್ಲಿ ‘ಫೈಲ್‌ಸೆಟ್’ ಎಂಬುದನ್ನು ಫೈಲುಗಳ ಪಟ್ಟಿ ಎಂದೇ ತಿಳಿದು ಬಳಸಿರುವುದು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮೆಕ್ಕೆಜೋಳದ ವ್ಯಾಪಾರಕ್ಕೆಂದು ಬರೆದ ಒಂದು ಪ್ರಾಜೆಕ್ಟಿನಲ್ಲಂತೂ ಖರೀದಿ, ದಾಸ್ತಾನು, ಬಿಲ್ ಎಂಬ ಮೂರೂ ಮಾಡ್ಯೂಲುಗಳ ಹೆಸರನ್ನು ಅಲ್ಪವಿರಾಮ ಹಾಕಿ ಫೋಲ್ಡರನ್ನು ಹೆಸರಿಸುವ ಒಂದೇ ‘ಡಿರ್’ನೊಳಗೆ ತುರುಕಲಾಗಿತ್ತು.

ಅಪಾಚೆ ಆ್ಯಂಟ್‌ನ ಫೈಲ್‌ಸೆಟ್ ಪಟ್ಟಿಯಲ್ಲ. ಅದು ಒಂದು ಮೂಲ ಫೋಲ್ಡರ್ ಮತ್ತು ಅದರೊಳಗೆ ಏನನ್ನು ಆರಿಸಬೇಕೆಂಬ ನಿಯಮ. ಮೂಲ ಯಾವಾಗಲೂ ಒಂದೇ. ಹಲವು ಮಾಡ್ಯೂಲುಗಳ ಫೈಲು ಬೇಕಿದ್ದರೆ ಒಂದೊಂದಕ್ಕೂ ಬೇರೆ ಫೈಲ್‌ಸೆಟ್ ಬರೆಯಬೇಕು, ಇಲ್ಲವೇ ಅವೆಲ್ಲವೂ ಇರುವ ಮೇಲಿನ ಫೋಲ್ಡರನ್ನು ಮೂಲವಾಗಿಟ್ಟು */ಸೋರ್ಸ್/**/*.ಜಾವಾ ಎಂಬಂಥ ನಮೂನೆ ಕೊಡಬೇಕು.

ನಿಜವಾದ ಗೊಂದಲವಿರುವುದು * ಎಂಬ ಈ ಸ್ಟಾರ್‌ಗಳಲ್ಲಿ. ಇಂಥ ನಮೂನೆಗೆ ‘ಗ್ಲಾಬ್’ ಎಂಬ ಹೆಸರು ಬಂದದ್ದು ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್‌ನಿಂದ. 1971ರ ಮೊದಲ ಆವೃತ್ತಿಯಲ್ಲಿ ಸ್ಟಾರ್ ಇರುವ ಹೆಸರನ್ನು ಬಿಡಿಸುತ್ತಿದ್ದದ್ದು ಆದೇಶಗಳನ್ನು ಓದಿ ನಡೆಸುವ ಶೆಲ್ ಅಲ್ಲ, ‘ಗ್ಲೋಬಲ್’ ಪದವನ್ನು ಮೊಟಕುಗೊಳಿಸಿ ಹೆಸರಿಟ್ಟ ಬೇರೊಂದು ಪ್ರೋಗ್ರಾಮ್. ಪಠ್ಯದಲ್ಲಿ ಹುಡುಕುವ ನಮೂನೆಗಳಾದ ರೆಜೆಕ್ಸ್‌ನ ಸ್ಟಾರ್ ತನ್ನ ಹಿಂದಿರುವುದು ಎಷ್ಟು ಬಾರಿಯಾದರೂ ಮರುಕಳಿಸಬಹುದು ಎನ್ನುತ್ತದೆ. ಗ್ಲಾಬ್‌ನ ಸ್ಟಾರ್ ತಾನೇ ಯಾವ ಅಕ್ಷರಗಳ ಜಾಗದಲ್ಲಾದರೂ ನಿಲ್ಲುತ್ತದೆ, ಆದರೆ ಓರೆಗೆರೆಯನ್ನು (/) ದಾಟುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಸ್ಟಾರ್‌ನ ಹಿಂದೆ ಚುಕ್ಕಿ ಇಡುವವರಿಗೆ ಬಿಲ್ಡ್ ಸದ್ದಿಲ್ಲದೆ ಖಾಲಿ ಜಾರ್ ಫೈಲನ್ನು (ಜಾವಾ ಪ್ರೋಗ್ರಾಮಿನ ಕಟ್ಟು) ಕಟ್ಟಿಕೊಡುತ್ತದೆ.

ಓರೆಗೆರೆಯನ್ನು ದಾಟುವುದು ಜೋಡಿ ಸ್ಟಾರ್, ಅಂದರೆ **. ಆ್ಯಂಟ್‌ನಲ್ಲಿ ಅದಕ್ಕೆ ಸೊನ್ನೆ ಫೋಲ್ಡರೂ ಸಮ್ಮತವಾದ್ದರಿಂದ **/*.ಜಾವಾ ಎಂಬುದು ಮೂಲದಲ್ಲೇ ಇರುವ ಫೈಲನ್ನೂ ಹಿಡಿಯುತ್ತದೆ. ಆದರೆ ಈ ಶಕ್ತಿ ಜೋಡಿ ಸ್ಟಾರ್‌ಗೆ ಬರುವುದು ಒಂದು ಫೋಲ್ಡರ್ ಹೆಸರಿನ ಇಡೀ ಜಾಗದಲ್ಲಿ ಅದೊಂದೇ ನಿಂತಾಗ ಮಾತ್ರ. **.ಜಾವಾ ಎಂದು ಅಂಟಿಸಿ ಬರೆದರೆ ಅದು ಬರಿಯ *.ಜಾವಾ, ಹೆಚ್ಚೇನೂ ಅಲ್ಲ. ಶೆಲ್‌ಗಳಲ್ಲೊಂದಾದ ಬ್ಯಾಷ್‌ನಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದೆವು ಎನ್ನುವವರು 2009ರ 4.0 ಆವೃತ್ತಿಯಲ್ಲಿ ಬಂದ, ಜೋಡಿ ಸ್ಟಾರ್‌ಗೆ ಈ ಶಕ್ತಿ ಕೊಡುವ ‘ಗ್ಲಾಬ್‌ಸ್ಟಾರ್’ ಆಯ್ಕೆ ತಾನಾಗಿಯೇ ಚಾಲೂ ಇರುವುದಿಲ್ಲ ಎಂಬುದನ್ನು ಗಮನಿಸಬೇಕು.

ಹೀಗೆಂದು ಮೇಲಿನ ಫೋಲ್ಡರಿನಿಂದಲೇ ಎಲ್ಲೆಡೆ ಜೋಡಿ ಸ್ಟಾರ್ ಎರಚುವುದು ಇನ್ನೊಂದು ಚಟ. ಆಗ ಪ್ರತಿ ಮಾಡ್ಯೂಲಿನ ಸಂರಚನಾ ಫೈಲಿನ ಜೊತೆಗೆ, ಹಿಂದಿನ ಬಿಲ್ಡ್ ಅದರಿಂದಲೇ ಮಾಡಿಟ್ಟ ಪ್ರತಿಯೂ ಸೇರಿಕೊಳ್ಳುತ್ತದೆ. ಬಿಲ್ಡ್‌ನ ಫಲಿತಾಂಶ ಬೀಳುವ ಫೋಲ್ಡರನ್ನು ‘ಎಕ್ಸ್‌ಕ್ಲೂಡ್’ನಲ್ಲಿ ಹೆಸರಿಸಿ ಹೊರಗಿಡಬೇಕು, ‘ಇನ್‌ಕ್ಲೂಡ್’ ಅದರ ಮೊದಲಿರಲಿ ಆಮೇಲಿರಲಿ, ಎರಡಕ್ಕೂ ಹೊಂದುವ ಫೈಲು ಹೊರಗೇ ಉಳಿಯುತ್ತದೆ.