ಆಯ್ಕೆ ಅಂದರೆ ಯಾರ ಆಯ್ಕೆ?

"ಗಂಡಸು ಹೀಗೇ ಇರಲಿ ಅಂತ ಪ್ರಕೃತಿಯೇ ಆಯ್ಕೆ ಮಾಡಿದೆ." ಈ ಧಾಟಿಯ ಮಾತನ್ನು ಈ ವಾರ ಮೂರನೇ ಸಲ ಓದಿದೆ. ಒಂದು ಕಡೆ ಹೊಟ್ಟೆಕಿಚ್ಚಿನ ಬಗ್ಗೆ, ಇನ್ನೊಂದು ಕಡೆ ಸಿಟ್ಟಿನ ಬಗ್ಗೆ, ಮತ್ತೊಂದು ಕಡೆ ತಾಯಿಯ ಪ್ರೀತಿಯ ಬಗ್ಗೆ. ಮೂರರಲ್ಲೂ ನೈಸರ್ಗಿಕ ಆಯ್ಕೆ ಎಂಬ ಪದ ಇತ್ತು. ಬದುಕಿಗೆ ಅನುಕೂಲವಾದ ಗುಣ ಇದ್ದವು ಹೆಚ್ಚು ಉಳಿದು, ಹೆಚ್ಚು ಮರಿ ಮಾಡಿ, ಆ ಗುಣ ತಲೆಮಾರುಗಳಲ್ಲಿ ಹರಡುವುದಕ್ಕೆ ಡಾರ್ವಿನ್ ಇಟ್ಟ ಹೆಸರು ಅದು. ಮೂರರಲ್ಲೂ ಆ ಪದದೊಳಗೆ ಯಾರೋ ಒಬ್ಬರನ್ನು ಕೂರಿಸಲಾಗಿತ್ತು. ಅವರು ನೋಡುತ್ತಾರೆ, ತೂಗುತ್ತಾರೆ, ಇದು ಇರಲಿ, ಅದು ಬೇಡ ಅನ್ನುತ್ತಾರೆ. ಅಂಥವರು ಯಾರೂ ಇಲ್ಲ. ವಿಕಾಸವಾದ ಹೇಳಿದ ಹೊಸ ಮಾತೇ ಅದು: ಅಂಥವರು ಬೇಕಿಲ್ಲ.

ತಪ್ಪು ಪೂರ್ತಿ ಬರೆದವರದ್ದಲ್ಲ, ಪದದ್ದೂ ಇದೆ.

ಆಯ್ಕೆಯ ಬೇರು ಆಯ್, ಅಚ್ಚಗನ್ನಡದ ಧಾತು. ತಮಿಳಿನಲ್ಲೂ ಇದೆ, ಅಲ್ಲಿ ಹುಡುಕು, ಪರೀಕ್ಷಿಸು ಎಂಬ ಅರ್ಥವೂ ಉಂಟು. ನಮ್ಮಲ್ಲಿ ಆಯುವುದೆಂದರೆ ಹೆಕ್ಕುವುದು, ಬೇಕಾದ್ದನ್ನು ಬೇಡದ್ದರಿಂದ ಬೇರೆ ಮಾಡುವುದು. 12ನೇ ಶತಮಾನದ ವಚನಕಾರ ಆಯ್ದಕ್ಕಿ ಮಾರಯ್ಯನ ಹೆಸರಿನಲ್ಲೇ ಈ ಕ್ರಿಯಾಪದ ಕೂತಿದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಅಂದಳು. ಅಲ್ಲಿ ನೋಡಿ, ಆಯುವ ಕೈ ಇದೆ, ಎಷ್ಟು ಬೇಕು ಎಂಬ ಲೆಕ್ಕ ಇದೆ, ಜಾಸ್ತಿಯಾಯಿತು ಅನ್ನುವ ಬುದ್ಧಿಯೂ ಇದೆ. ಆಯ್ಕೆ ಎಂಬ ಪದ ಇವನ್ನೆಲ್ಲ ಹೊತ್ತುಕೊಂಡೇ ಬರುತ್ತದೆ. ಅದರ ಮುಂದೆ 'ನಿಸರ್ಗದ' ಅಂತ ಹಾಕಿಬಿಟ್ಟರೆ ಮುಗಿಯಿತು, ಕೊನೆಯ ಆ 'ದ' ನಿಸರ್ಗವನ್ನೇ ಯಜಮಾನನನ್ನಾಗಿ ಮಾಡುತ್ತದೆ. 'ನೈಸರ್ಗಿಕ' ಎಂದರೆ ಸ್ವಲ್ಪ ವಾಸಿ, ಅಷ್ಟೇ.

ಇಂಗ್ಲಿಷಿನಲ್ಲೂ ಇದೇ ಗೋಳು. ಸೆಲೆಕ್ಷನ್ ಎಂಬುದರ ಲ್ಯಾಟಿನ್ ಬೇರಿಗೂ ಬೇರೆಯಾಗಿ ಹೆಕ್ಕು ಎಂದೇ ಅರ್ಥ. ಡಾರ್ವಿನ್ ಇದನ್ನು ತೆಗೆದುಕೊಂಡದ್ದು ಪ್ರಾಣಿಗಳ ತಳಿ ಬೆಳೆಸುವವರಿಂದ. ಅವನೇ ಪಾರಿವಾಳ ಸಾಕಿದ್ದ. 1859ರ ಅವನ 'ಆರಿಜಿನ್ ಆಫ್ ಸ್ಪೀಸೀಸ್' ಪುಸ್ತಕದ ಮೊದಲ ಅಧ್ಯಾಯ ಇರುವುದು ಸಾಕುಪ್ರಾಣಿ, ಸಾಕಿದ ಗಿಡಗಳ ಮೇಲೆ. ಅಲ್ಲಿ ಆಯುವ ಕೈ ನಿಜವಾಗಿಯೂ ಇತ್ತು. ಮುಂದಿನ ಅಧ್ಯಾಯಗಳಲ್ಲಿ ಅವನು ಕೈಯನ್ನು ತೆಗೆದುಹಾಕಿದ, ಪದವನ್ನು ಮಾತ್ರ ಹಾಗೇ ಇಟ್ಟುಕೊಂಡ. ಮರುವರ್ಷವೇ, 1860ರಲ್ಲಿ, ಭೂವಿಜ್ಞಾನಿ ಗೆಳೆಯ ಲಯಲ್‌ಗೆ ಬರೆದ ಕಾಗದದಲ್ಲಿ, ಮತ್ತೆ ಮೊದಲಿಂದ ಶುರು ಮಾಡುವುದಾದರೆ ನ್ಯಾಚುರಲ್ ಪ್ರಿಸರ್ವೇಶನ್ ಅನ್ನುತ್ತಿದ್ದೆ ಎಂದ. 1866ರಲ್ಲಿ, ಇದೇ ವಿಚಾರವನ್ನು ತಾನೂ ಸ್ವತಂತ್ರವಾಗಿ ಕಂಡುಕೊಂಡಿದ್ದ ವ್ಯಾಲೇಸ್ ಕೂಡ ಅದನ್ನೇ ತಕರಾರು ಮಾಡಿದ: ಬುದ್ಧಿವಂತರು ಕೂಡ ಯಾರೋ ಕೂತು ಆರಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದಾರೆ, ತತ್ವಜ್ಞಾನಿ ಸ್ಪೆನ್ಸರನ 'ಸರ್ವೈವಲ್ ಆಫ್ ದ ಫಿಟೆಸ್ಟ್' (ಚೆನ್ನಾಗಿ ಹೊಂದಿಕೊಂಡವರ ಉಳಿವು) ಎಂಬ ಮಾತನ್ನು ಬಳಸೋಣ ಎಂದ. 1869ರಲ್ಲಿ ಡಾರ್ವಿನ್ನನ ಪುಸ್ತಕದ ಐದನೇ ಆವೃತ್ತಿಗೆ ಆ ಮಾತು ಬಂತು. ಕನ್ನಡದಲ್ಲಿ ಅದು 'ಬಲಿಷ್ಠರ ಉಳಿವು' ಆಗಿ ಇನ್ನೊಂದು ಗೊಂದಲ ತಂದಿತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ನನ್ನನ್ನು ಕೇಳಿದರೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ಇದೆ: ಉಳಿಕೆ. ಪ್ರಿಸರ್ವೇಶನ್ ಅಂದರೂ ಕಾಪಾಡುವವರು ಒಬ್ಬರು ಬೇಕು. ಉಳಿಕೆಗೆ ಯಾರೂ ಬೇಡ. ಲೆಕ್ಕದಲ್ಲಿ ಕಳೆದ ಮೇಲೆ ಉಳಿದದ್ದು ಉಳಿಕೆ. ಜರಡಿಯಲ್ಲಿ ಮರಳು ಹಾಕಿ ಅಲ್ಲಾಡಿಸಿದರೆ ದಪ್ಪ ಕಲ್ಲು ಮೇಲೆ ಉಳಿಯುತ್ತದೆ, ಜರಡಿಗೆ ಕಲ್ಲು ಇಷ್ಟ ಅಂತ ಅಲ್ಲ. ಪುಸ್ತಕಗಳಲ್ಲಿ ಪದ ಬದಲಾಗುವುದಿಲ್ಲ, ಗೊತ್ತು. ಆದರೆ ಆಯ್ಕೆ ಎಂದು ಓದಿದ ಕಡೆಯಲ್ಲೆಲ್ಲ ಮನಸ್ಸಿನಲ್ಲಿ ಉಳಿಕೆ ಅಂದುಕೊಂಡು ನೋಡಿ.

ಮನುಷ್ಯನ ಮನಸ್ಸಿನ ವಿಷಯಕ್ಕೆ ಬಂದಾಗ ಇದರ ಬೆಲೆ ತಿಳಿಯುತ್ತದೆ. ಡಾರ್ವಿನ್ ಒಂದು ದಿನ ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಗೂಡಿನ ಮುಂದೆ ನಿಂತ. ದಪ್ಪ ಗಾಜಿಗೆ ಮುಖ ಒತ್ತಿ, ಹಾವು ಹಾರಿ ಬಂದರೂ ಹಿಂದೆ ಸರಿಯಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದ. ಹಾವು ಹಾರಿತು. ಅವನು ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದ. ಗಾಜು ಇದೆ ಅಂತ ಅವನಿಗೆ ಗೊತ್ತಿತ್ತು, ಹಾವು ಅವನಿಗೆ ಯಾವತ್ತೂ ಕಚ್ಚಿರಲಿಲ್ಲ. ಆದರೂ ಕಾಲು ಅವನ ಮಾತು ಕೇಳಲಿಲ್ಲ. ಇದನ್ನು ಅವನೇ 1872ರ ಪುಸ್ತಕದಲ್ಲಿ ಬರೆದಿದ್ದಾನೆ. ಆ ನೆಗೆತವನ್ನು ಯಾರೂ ಯೋಚನೆ ಮಾಡಿ ಅವನೊಳಗೆ ಇಟ್ಟಿರಲಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ತಟ್ಟನೆ ನೆಗೆದವರು ಉಳಿದರು, ಮಕ್ಕಳನ್ನು ಹೆತ್ತರು, ಇದು ಹಾವೋ ಬಳ್ಳಿಯೋ ಅಂತ ಯೋಚಿಸುತ್ತಾ ನಿಂತವರಲ್ಲಿ ಕೆಲವರು ಉಳಿಯಲಿಲ್ಲ. ಸುಮ್ನೆ ಬೆಚ್ಚಿದರೆ ಕಳೆದುಕೊಳ್ಳುವುದು ಒಂದು ಕ್ಷಣ, ಬೆಚ್ಚದೆ ಇದ್ದರೆ ಪ್ರಾಣ. ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಬೆಚ್ಚುವ ಮನಸ್ಸೇ ನಮಗೆ ಉಳಿಕೆಯಾಗಿ ಬಂತು. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ, ಹಾವಿನಿಂದ ಸಾಯುವವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ನಿಂತ ಕಾರಿನ ಚಿತ್ರ ನೋಡಿ ಯಾರೂ ಬೆಚ್ಚುವುದಿಲ್ಲ. ಮನುಷ್ಯ ಎಂಬ ಪ್ರಭೇದಕ್ಕೆ ಸುಮಾರು 3 ಲಕ್ಷ ವರ್ಷ, ಕಾರಿಗೆ ಸುಮಾರು ನೂರನಲವತ್ತು ವರ್ಷ.

ಹಾಗಾದರೆ ಹಾವಿನ ಭಯ ಹುಟ್ಟಿನಿಂದಲೇ ಬರುತ್ತದಾ? ಅಷ್ಟು ನೇರವಾಗಿಲ್ಲ. 1980ರ ದಶಕದಲ್ಲಿ ಮನೋವಿಜ್ಞಾನಿಗಳಾದ ಸೂಸನ್ ಮಿನೇಕಾ ಮತ್ತು ಮೈಕಲ್ ಕುಕ್ ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಕೋತಿಗಳನ್ನು ನೋಡಿದರು. ಅವಕ್ಕೆ ಹಾವಿನ ಭಯ ಇರಲಿಲ್ಲ. ಇನ್ನೊಂದು ಕೋತಿ ಹಾವು ಕಂಡು ಹೆದರುವ ವಿಡಿಯೋ ತೋರಿಸಿದಾಗ ಕಲಿತವು. ಅದೇ ಕೋತಿ ಹೂವು ಕಂಡು ಹೆದರುವಂತೆ ವಿಡಿಯೋ ಕತ್ತರಿಸಿ ಅಂಟಿಸಿ ತೋರಿಸಿದರೆ ಕಲಿಯಲಿಲ್ಲ. ಅಂದರೆ ಉಳಿದು ಬಂದದ್ದು ಭಯವಲ್ಲ, ಆ ಭಯವನ್ನು ಬೇಗ ಕಲಿಯುವ ಒಲವು. ಹುಟ್ಟುಗುಣವೋ ಕಲಿಕೆಯೋ ಅಂತ ಜಗಳ ಆಡುವವರು ಈ ಹೂವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಈಗ ತಾಯಿಯ ಪ್ರೀತಿ. "ತಾಯಿ ಮಗುವನ್ನು ಪ್ರೀತಿಸುವುದು ತನ್ನ ಜೀನ್ (ವಂಶವಾಹಿ) ಉಳಿಸಿಕೊಳ್ಳಲಿಕ್ಕೆ." ಈ ವಾಕ್ಯ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುತ್ತದೆ. ತಾಯಿ ಏನನ್ನೂ ಉಳಿಸಲು ಹೊರಟಿಲ್ಲ, ಮಗುವನ್ನು ಪ್ರೀತಿಸುತ್ತಾಳೆ, ಅಷ್ಟೇ. ಮಗು ಅತ್ತಾಗ ಎದ್ದು ಕೂರುವ ಮನಸ್ಸಿದ್ದ ತಾಯಂದಿರ ಮಕ್ಕಳು ಹೆಚ್ಚು ಬದುಕಿದರು, ಆ ಮನಸ್ಸು ಮುಂದಕ್ಕೆ ಬಂತು. ಯಾಕೆ ಉಳಿಯಿತು ಎಂಬುದು ಒಂದು ಪ್ರಶ್ನೆ, ಈಗ ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಬೇಡಿ. ದತ್ತು ತೆಗೆದುಕೊಂಡ ಮಗುವಿಗೆ ಜ್ವರ ಬಂದಾಗ ರಾತ್ರಿಯಿಡೀ ಹಣೆ ಮುಟ್ಟಿ ನೋಡುವ ತಾಯಿ ಜೀನಿನ ಲೆಕ್ಕ ಹಾಕುತ್ತಿಲ್ಲ ಅಲ್ವಾ?

ಹೊಟ್ಟೆಕಿಚ್ಚು, ಸಿಟ್ಟಿನ ಮಾತೂ ಹೀಗೇ. "ವಿಕಾಸವೇ ಹೀಗೆ ಮಾಡಿದೆ, ನಾನೇನು ಮಾಡಲಿ" ಎನ್ನುವಾಗ ಯಾರೋ ಒಪ್ಪಿಗೆ ಕೊಟ್ಟಿದ್ದಾರೆ ಎಂಬ ಧ್ವನಿ ಇರುತ್ತದೆ. ಆಯ್ಕೆ ಅಂದರೆ ಒಪ್ಪಿಗೆಯ ವಾಸನೆ ಬರುತ್ತದೆ, ಉಳಿಕೆ ಅಂದರೆ ಬರುವುದಿಲ್ಲ. ಹೊಟ್ಟೆಕಿಚ್ಚು ಉಳಿದು ಬಂದಿರಬಹುದು. ಅದರ ಜೊತೆಗೇ ನಾಚಿಕೆ, ಮರುಕ, ಕೈ ತಡೆದುಕೊಳ್ಳುವ ಶಕ್ತಿಯೂ ಉಳಿದು ಬಂದಿವೆ. ಅವನ್ನು ಬಿಟ್ಟು ಒಂದನ್ನೇ ಎತ್ತಿ ತೋರಿಸುವುದಿದೆಯಲ್ಲ, ಅದು ಮಾತ್ರ ನಿಜವಾಗಿಯೂ ಆಯ್ಕೆ. ಮಾಡಿದವರು ಯಾರು ಅಂತಲೂ ಗೊತ್ತು.

ಇನ್ನು, ಮನಸ್ಸು ಮಾಡುವ ಪ್ರತಿಯೊಂದು ಕೆಲಸವೂ ಅದಕ್ಕಾಗಿಯೇ ಉಳಿದು ಬಂದದ್ದು ಅಂತಲೂ ಅಂದುಕೊಳ್ಳಬೇಡಿ. ಬರವಣಿಗೆಗೆ ಸುಮಾರು 5,000 ವರ್ಷ. ಕೆಲವು ತಲೆಮಾರುಗಳ ಹಿಂದಿನವರೆಗೂ ಜಗತ್ತಿನ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಆದರೂ ಯಾವ ಮನೆಯ ಮಗುವನ್ನು ಕೂರಿಸಿ ಕಲಿಸಿದರೂ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಅಕ್ಷರ ಕೂಡಿಸಿ ಓದುತ್ತದೆ. ಆಕಾರ ಗುರುತಿಸಲು, ಮಾತು ಆಡಲು ಉಳಿದು ಬಂದ ಮಿದುಳಿನ ಭಾಗಗಳನ್ನೇ ಅದು ಈ ಹೊಸ ಕೆಲಸಕ್ಕೆ ಹಚ್ಚುತ್ತದೆ.