ಜಂಗ್ ಅನ್ನೋದು ಅಡ್ಡಹೆಸರಲ್ಲ: ಬಿರುದು, ಜಾಗೀರು, ವಾಡೆ

ಒಮ್ಮೆ ಪರೀಕ್ಷೆಯಲ್ಲಿ ನಾನು 'ಜಂಗ್ ಮನೆತನ' ಅಂತ ಬರೆದು ಅಂಕ ಕಳೆದುಕೊಂಡೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. 1853ರಿಂದ 1883ರವರೆಗೆ ಹೈದರಾಬಾದಿನ ದಿವಾನರಾಗಿದ್ದ ಸಾಲಾರ್ ಜಂಗ್ ಅವರ ನಿಜವಾದ ಹೆಸರು ಮೀರ್ ತುರಾಬ್ ಅಲಿ ಖಾನ್. ಸಾಲಾರ್ ಜಂಗ್ ಅನ್ನೋದು ನಿಜಾಮರ ದರ್ಬಾರು ಕೊಟ್ಟ ಬಿರುದು. ಈ ಬಿರುದುಗಳಿಗೆ ಮೆಟ್ಟಿಲು ಇದ್ದವು. ಜಂಗ್ ಕೆಳಗೆ, ಅದರ ಮೇಲೆ ದೌಲಾ, ಆಮೇಲೆ ಮುಲ್ಕ್, ಉಮ್ರಾ, ಎಲ್ಲಕ್ಕೂ ಮೇಲೆ ಜಾಹ್. ಒಬ್ಬನೇ ಮನುಷ್ಯ ಏರುತ್ತಾ ಹೋಗಬಹುದಿತ್ತು. ಇದೇ ತುರಾಬ್ ಅಲಿ ಖಾನರು ಸಾಲಾರ್ ಜಂಗ್, ಶುಜಾ ಉದ್ ದೌಲಾ, ಮುಖ್ತಾರ್ ಉಲ್ ಮುಲ್ಕ್ ಮೂರೂ ಹೌದು. ನಾನು ಇವರನ್ನು ಮೂರು ಜನ ಅಂದುಕೊಂಡು ಮೂರು ಬೇರೆ ಹಾಳೆಯಲ್ಲಿ ಟಿಪ್ಪಣಿ ಮಾಡಿಟ್ಟಿದ್ದೆ, ನಗಬೇಡಿ.

ಬಿರುದು ಬೇರೆ, ಭೂಮಿ ಬೇರೆ. ಬಿರುದಿನಿಂದ ಹೊಟ್ಟೆ ತುಂಬಲ್ಲ ಅಲ್ವಾ, ಅದಕ್ಕೆ ಜಾಗೀರು, ಅಂದರೆ ಕಂದಾಯ ತಾವೇ ಇಟ್ಟುಕೊಳ್ಳಲಿ ಅಂತ ಬಿಟ್ಟುಕೊಟ್ಟ ಊರುಗಳು. ಅದರಲ್ಲೂ ಬಗೆಗಳಿವೆ. ಮನೆತನ ನಡೆಸಿಕೊಳ್ಳಲಿ ಅಂತ ಕೊಟ್ಟದ್ದು ಜಾತ್ ಜಾಗೀರು, ಪೀಳಿಗೆಯಿಂದ ಪೀಳಿಗೆಗೆ ಉಳಿಯಲಿ ಅಂತ ಮುದ್ರೆ ಒತ್ತಿ ಕೊಟ್ಟದ್ದು ಅಲ್ ತಮ್ಗಾ, ನಿಜಾಮರಿಗಾಗಿ ಕುದುರೆ ದಂಡು ಸಾಕಲು ಕೊಟ್ಟದ್ದು ಪಾಯಗಾ. ಈ ಕೊನೆಯದನ್ನು ನಾವು ಇಲ್ಲಿನವರು ಸ್ವಲ್ಪ ಜಾಸ್ತಿ ಗಮನಿಸಬೇಕು. ಯಾಕೆಂದರೆ ನಮ್ಮ ಕಲಬುರಗಿಯ ಆಳಂದ, ಬೀದರಿನ ಚಿಟಗುಪ್ಪ ಎರಡೂ ಪಾಯಗಾ ಭೂಮಿ.

ಹಾಗಾದರೆ ಆಳಂದದಲ್ಲಿ ಪಾಯಗಾ ಅಮೀರರ, ಅಂದರೆ ಆ ಜಾಗೀರು ಪಡೆದ ದರ್ಬಾರಿನ ದೊಡ್ಡವರ, ಅರಮನೆ ಯಾಕಿಲ್ಲ? ನನಗೆ ಇದೇ ಬಹಳ ದಿನ ತಲೆ ತಿಂದ ಪ್ರಶ್ನೆ. ಉತ್ತರ ಸರಳ. ಅಮೀರರು ಬದುಕಿದ್ದು ದರ್ಬಾರಿನ ಹತ್ತಿರ. ಬಿರುದು ಸಿಗೋದೂ ಅಲ್ಲೇ, ಕಳೆದುಕೊಳ್ಳೋದೂ ಅಲ್ಲೇ. ಅಮೀರ ಸತ್ತರೆ ಮಗನಿಗೆ ಜಾಗೀರು ಮುಂದುವರಿಯಲು ನಿಜಾಮರ ಒಪ್ಪಿಗೆ ಬೇಕು, ಹಾಗಾಗಿ ಕಣ್ಣೆದುರೇ ಇರಬೇಕು. ಭೂಮಿ ಇಲ್ಲಿ, ದೇವಡಿ (ಅಮೀರರ ದೊಡ್ಡ ಮನೆ) ಅಲ್ಲಿ. ಪಾಯಗಾ ಮನೆತನದ ವಿಕಾರ್ ಉಲ್ ಉಮ್ರಾ 1884ರಲ್ಲಿ ಫಲಕ್‌ನುಮಾ ಅರಮನೆಗೆ ಅಡಿಗಲ್ಲು ಹಾಕಿದ್ದು ಹೈದರಾಬಾದಿನ ಗುಡ್ಡದ ಮೇಲೆ. ಜೋಳ ಬೆಳೆದ ಹೊಲದಿಂದ ಹೋದ ದುಡ್ಡು ಎಲ್ಲಿ ಗೋಡೆಯಾಯಿತು ಅಂತ ನೋಡಬೇಕಾದರೆ ಹೈದರಾಬಾದಿಗೇ ಹೋಗಬೇಕು. ಕೊನೆಗೆ ಆ ಅರಮನೆಯೂ ಆರನೇ ನಿಜಾಮರ ಪಾಲಾಯಿತು, ಅದು ಬೇರೆ ಕಥೆ.

ನಮ್ಮ ಕಡೆ ಉಳಿದಿರೋದು ವಾಡೆ. ಎತ್ತರದ ಗೋಡೆ, ದೊಡ್ಡ ಅಗಸಿ, ಒಳಗೆ ಚೌಕ, ಕಾಲಡಿಗೆ ಶಹಾಬಾದ್ ಕಲ್ಲು. ಇವು ಹೆಚ್ಚಾಗಿ ದೇಶಮುಖ, ದೇಶಪಾಂಡೆ, ಗೌಡರ ಮನೆಗಳು. ಇವರು ಅಮೀರರಲ್ಲ. ದೇಶಮುಖ, ದೇಶಪಾಂಡೆ ಅನ್ನೋದು ನಿಜಾಮರಿಗಿಂತ ಹಳೆಯ ಹುದ್ದೆ. ಕಂದಾಯ ಎತ್ತುವುದು, ಲೆಕ್ಕ ಇಡುವುದು, ಅದರಲ್ಲಿ ತಮ್ಮ ಪಾಲು ಇಟ್ಟುಕೊಳ್ಳುವುದು. 1865ರ ಜಿಲಾಬಂದಿಯಲ್ಲಿ, ಅಂದರೆ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ, ಸಾಲಾರ್ ಜಂಗ್ ವಸೂಲಿ ಕೆಲಸವನ್ನು ಸರ್ಕಾರಿ ನೌಕರರ ಕೈಗೆ ಕೊಟ್ಟರು. ದೇಶಮುಖ, ದೇಶಪಾಂಡೆಯವರಿಗೆ 'ರುಸುಮ್' ಅಂತ ಹಣ ಮಾತ್ರ ಉಳಿಯಿತು. ಆದರೂ ವಾಡೆಯ ದರ್ಪ ಕಡಿಮೆಯಾಗಲಿಲ್ಲ. ಅಮೀರ ದೂರದಲ್ಲಿದ್ದ, ದೇಶಮುಖ ಬಾಗಿಲಲ್ಲೇ ಇದ್ದ. ಊರಿನವರು ಯಾರಿಗೆ ಹೆದರುತ್ತಾರೆ ಹೇಳಿ.

ಸುರಪುರವನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿನ ನಾಯಕರು ಜಾಗೀರದಾರರಲ್ಲ, ಅರಸರು. 1705ರಲ್ಲಿ ವಾಗಿಣಗೇರಿ ಕೋಟೆಗೆ ಔರಂಗಜೇಬನೇ ಬಂದು ಮುತ್ತಿಗೆ ಹಾಕಬೇಕಾಯಿತು. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸಂಸ್ಥಾನ ಹೋಯಿತು, ಅದನ್ನು ಬ್ರಿಟಿಷರು ನಿಜಾಮರಿಗೆ ಕೊಟ್ಟರು. ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಕೂಡ ನಾಯಕರ ಅರಮನೆಯಲ್ಲ. ಅರಸ ಚಿಕ್ಕವನಿದ್ದಾಗ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನಗಾಗಿ ಕಟ್ಟಿಸಿಕೊಂಡ ಮನೆ.

ಕೊನೆಗೆ ತಾರೀಕು. ಹೈದರಾಬಾದ್ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17. ಜಾಗೀರು ರದ್ದಾದದ್ದು ಅವತ್ತಲ್ಲ, 1949ರ ಆಗಸ್ಟ್ 15ರ ಕಾಯ್ದೆಯಿಂದ. ಹೆಚ್ಚಿನವರು ಇಲ್ಲೇ ತಪ್ಪು ಬರೆಯುತ್ತಾರೆ.